ಅಪ್ಪ ‘ಲಿವರ್ ಎನ್ಜೈಮ್ ಬೂಸ್ಟರ್’ ಅಂತ ಕ್ಯಾಪ್ಸುಲ್ ಶುರು ಮಾಡಿದಾರೆ, ನಿಜಕ್ಕೂ ಏನಾದ್ರೂ ಆಗುತ್ತಾ ಇದರಿಂದ?

ಸಾಗರದ_ಸುಮ
ಎಲ್ರಿಗೂ ನಮಸ್ಕಾರ. ನಮ್ಮಪ್ಪಂಗೆ 71. ಎರಡು ತಿಂಗಳ ಹಿಂದೆ ನೆಂಟರೊಬ್ರು ಮನೆಗೆ ಬಂದು ಎರಡು ಡಬ್ಬಿ ಕೊಟ್ಟು ಹೋದ್ರು, ಒಂದರಲ್ಲಿ ಅರಿಶಿನದ ಸಾರ ಮತ್ತೆ ಕಾಳುಮೆಣಸಿನ ಸಾರ ಸೇರಿಸಿದ ಕ್ಯಾಪ್ಸುಲ್, ಇನ್ನೊಂದರಲ್ಲಿ ಬ್ರೊಕೊಲಿ ಪುಡಿ. ಎರಡೂ ಸೇರಿ ತಿಂಗಳಿಗೆ 2,400 ರೂಪಾಯಿ. ದೇಹದಲ್ಲೇ ಇರೋ ಡಿಟಾಕ್ಸ್ ಎನ್ಜೈಮ್‌ಗಳನ್ನ (ವಿಷ ಹೊರಹಾಕೋ ಕಿಣ್ವಗಳನ್ನ) ಗಿಡಮೂಲಿಕೆ ಎಬ್ಬಿಸುತ್ತೆ, ಲಿವರ್ ಕ್ಲೀನ್ ಆಗುತ್ತೆ ಅಂತ ಡಬ್ಬಿ ಮೇಲೆ ಬರೆದಿದೆ. ಅಪ್ಪ ದಿನಾ ಬೆಳಿಗ್ಗೆ ತಿಂಡಿ ಆದ್ಮೇಲೆ ಬಿಪಿ ಮಾತ್ರೆ ಮತ್ತೆ ಅವರ ಇನ್ನೊಂದೆರಡು ಮಾತ್ರೆ ಜೊತೆಗೆ ಇದನ್ನೂ ನುಂಗ್ತಾರೆ. ನಾನು ಬೇಡ ಅಂದ್ರೆ "ಅರಿಶಿನ ಮೆಣಸು ತಾನೆ, ಸಾರಿಗೆ ಹಾಕ್ಕೊಂಡು ತಿನ್ನಲ್ವಾ" ಅಂತಾರೆ, ಆ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. ಎನ್ಜೈಮ್ ಜಾಸ್ತಿ ಆಗೋದು ಅನ್ನೋದು ನಿಜಾನಾ? ದುಡ್ಡು ಹೋದ್ರೆ ಹೋಗ್ಲಿ, ತೊಂದರೆ ಏನಾದ್ರೂ ಇದ್ಯಾ ಅನ್ನೋದು ಗೊತ್ತಾಗ್ಬೇಕು.

ತುಮಕೂರು_ರವಿ
ಡಿಟಾಕ್ಸ್ ಅನ್ನೋ ಪದ ಕಂಡ್ರೆ ಡಬ್ಬಿ ವಾಪಸ್ ಕೊಟ್ಬಿಡಿ ಮೇಡಂ. ಲಿವರ್ ತನ್ನ ಕೆಲಸ ತಾನೇ ಮಾಡ್ಕೊಳುತ್ತೆ. ಎಲ್ಲಾ ಮೋಸ.

ಬಯೋಕೆಮ್_ಮೇಷ್ಟ್ರು
ರವಿ ಅವರೇ, ಡಬ್ಬಿ ಬಗ್ಗೆ ನಿಮ್ಮ ಸಿಟ್ಟು ಸರಿ, ಆದ್ರೆ "ಎಲ್ಲಾ ಮೋಸ" ಅನ್ನೋದು ಸರಿ ಅಲ್ಲ. ಇದರ ಹಿಂದೆ ಒಳ್ಳೆ ವಿಜ್ಞಾನ ಇದೆ, ನಾನು ಇಪ್ಪತ್ತು ವರ್ಷದಿಂದ ಪಾಠ ಮಾಡ್ತಿರೋ ವಿಷಯ ಇದು, ಸ್ವಲ್ಪ ಉದ್ದ ಆಗುತ್ತೆ, ಓದ್ಕೊಳ್ಳಿ.

ಹಲಸಿನ ಹಣ್ಣು ಬಿಡಿಸಿದ ಮೇಲೆ ಕೈಗೆ ಅಂಟಿದ ಮೇಣ ಬರೀ ನೀರಲ್ಲಿ ತೊಳೆದ್ರೆ ಹೋಗುತ್ತಾ? ಹೋಗಲ್ಲ. ದೇಹದ ಒಳಗೆ ಬರೋ ಎಷ್ಟೋ ವಸ್ತುಗಳು (ಹೊಗೆ, ಔಷಧಿ, ಬೂಷ್ಟು ಹಿಡಿದ ಕಾಳಿನ ವಿಷ) ಇದೇ ಥರ, ನೀರಿಗೆ ಕರಗಲ್ಲ, ಹಾಗಾಗಿ ಮೂತ್ರದಲ್ಲಿ ಹೋಗಲ್ಲ. ಲಿವರ್ ಇದಕ್ಕೆ ಎರಡು ಹಂತದಲ್ಲಿ ಕೆಲಸ ಮಾಡುತ್ತೆ. ಮೊದಲನೇ ಹಂತದಲ್ಲಿ ಸೈಟೋಕ್ರೋಮ್ ಪಿ-450 ಅನ್ನೋ ಎನ್ಜೈಮ್‌ಗಳು ಆ ವಸ್ತುವಿಗೆ ಒಂದು ಹಿಡಿ ಮಾಡಿಕೊಡ್ತವೆ. ಎರಡನೇ ಹಂತದ ಎನ್ಜೈಮ್‌ಗಳು ಆ ಹಿಡಿಗೆ ಗ್ಲುಟಾಥಯೋನ್ ಅಥವಾ ಗ್ಲುಕುರೋನಿಕ್ ಆಮ್ಲ ಅನ್ನೋ ನೀರಿಗೆ ಕರಗೋ ಬಾಲ ಅಂಟಿಸ್ತವೆ. ಆಮೇಲೆ ಪಿತ್ತದಲ್ಲೋ ಮೂತ್ರದಲ್ಲೋ ಹೊರಗೆ. ಮುಖ್ಯ ವಿಷಯ ಏನಂದ್ರೆ ಮೊದಲನೇ ಹಂತ ಮುಗಿದು ಎರಡನೇದು ಆಗದೇ ಇದ್ರೆ ಆ ವಸ್ತು ಕೆಲವು ಸಲ ಮೊದಲಿಗಿಂತ ಜಾಸ್ತಿ ಅಪಾಯ. ಪ್ಯಾರಾಸಿಟಮಾಲ್ ಓವರ್‌ಡೋಸ್ ಆದಾಗ ಲಿವರ್ ಹಾಳಾಗೋದು ಹೀಗೇ, ಗ್ಲುಟಾಥಯೋನ್ ಖಾಲಿಯಾಗಿ.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಪಾಲ್ ತಲಾಲೆ ಅನ್ನೋ ವಿಜ್ಞಾನಿ ಈ ಎರಡನೇ ಹಂತದ ಎನ್ಜೈಮ್‌ಗಳನ್ನ ಎಬ್ಬಿಸೋ ಸಸ್ಯ ಪದಾರ್ಥ ಹುಡುಕ್ತಾ ಇದ್ರು. 1992ರಲ್ಲಿ ಅವರ ತಂಡಕ್ಕೆ ಬ್ರೊಕೊಲಿಯಲ್ಲಿ ಸಲ್ಫೊರಾಫೇನ್ ಸಿಕ್ತು. ನಮ್ಮ ಜೀವಕೋಶದಲ್ಲಿ ಎನ್‌ಆರ್‌ಎಫ್-2 ಅನ್ನೋ ಪ್ರೋಟೀನ್ ಇದೆ, ಅದನ್ನ ಕೀಪ್-1 ಅನ್ನೋ ಇನ್ನೊಂದು ಪ್ರೋಟೀನ್ ಹಿಡಿದಿಟ್ಕೊಂಡು ಹುಟ್ಟಿದ ಹಾಗೇ ನಾಶಕ್ಕೆ ಕಳಿಸ್ತಾ ಇರುತ್ತೆ. ಸಲ್ಫೊರಾಫೇನ್ ಹೋಗಿ ಕೀಪ್-1ಗೆ ಅಂಟಿಕೊಂಡ್ರೆ ಹಿಡಿತ ತಪ್ಪುತ್ತೆ, ಎನ್‌ಆರ್‌ಎಫ್-2 ಕೋಶಕೇಂದ್ರಕ್ಕೆ ಹೋಗಿ ಒಟ್ಟಿಗೇ ಹತ್ತಾರು ಜೀನ್ ಆನ್ ಮಾಡುತ್ತೆ. ಗಿಡಕ್ಕೆ ಅದು ಹುಳ ಓಡಿಸೋ ಆಯುಧ, ನಮ್ಮ ದೇಹಕ್ಕೆ ಅದೊಂದು ಸಣ್ಣ ಚುಚ್ಚು. ಚುಚ್ಚಿದ್ದಕ್ಕೆ ದೇಹ ಎಚ್ಚರ ಆಗುತ್ತೆ ಅಷ್ಟೇ.

ಒಂದೇ ತೊಂದರೆ, ಬೇಯಿಸಿದ್ರೆ ಎಲ್ಲಾ ಹೋಯ್ತು.

ತುಮಕೂರು_ರವಿ
ಸರಿ ಸರ್, ಪ್ರಯೋಗಶಾಲೇಲಿ ಜೀನ್ ಆನ್ ಆಯ್ತು. ಮನುಷ್ಯರಲ್ಲಿ ಏನಾಗಿದೆ ಹೇಳಿ. ಇಲಿ ಕಥೆ ಬೇಡ.

ನ್ಯೂಜೆರ್ಸಿ_ಕನ್ನಡಿಗ
ಮನುಷ್ಯರಲ್ಲೂ ಆಗಿದೆ ರವಿ. ಚೀನಾದಲ್ಲಿ ಶಾಂಘೈ ಹತ್ರ ಚಿದೊಂಗ್ ಅಂತ ಒಂದು ಊರು, ಅಲ್ಲಿ ಗಾಳಿ ತುಂಬಾ ಕೆಟ್ಟಿತ್ತು, ಲಿವರ್ ಕ್ಯಾನ್ಸರ್‌ಗೂ ಹೆಸರಾದ ಜಾಗ. 291 ಜನರನ್ನ ಎರಡು ಗುಂಪು ಮಾಡಿ 12 ವಾರ ದಿನಾ ಒಂದು ಗುಂಪಿಗೆ ಬ್ರೊಕೊಲಿ ಮೊಳಕೆ ಸಾರದ ಪಾನೀಯ ಕೊಟ್ರು, ಇನ್ನೊಂದಕ್ಕೆ ಬರೀ ಪಾನೀಯ. ರುಚಿ ಮುಚ್ಚೋಕೆ ಅನಾನಸ್ ರಸ, ನಿಂಬೆ ರಸ. 2014ರಲ್ಲಿ ಫಲಿತಾಂಶ ಬಂತು, ಮೊಳಕೆ ಕುಡಿದವರ ಮೂತ್ರದಲ್ಲಿ ಕೆಟ್ಟ ಗಾಳಿಯಲ್ಲಿರೋ ಬೆನ್ಜೀನ್ ಅನ್ನೋ ವಿಷ ಹೊರಗೆ ಹೋಗಿದ್ದು 61% ಜಾಸ್ತಿ, ಅಕ್ರೋಲೀನ್ ಅನ್ನೋ ಇನ್ನೊಂದು ವಿಷ 23% ಜಾಸ್ತಿ. ಮೊದಲನೇ ದಿನದಿಂದಲೇ.

ಆದ್ರೆ ನೋಡಿ, ಅದರಿಂದ ಅವರಿಗೆ ಕ್ಯಾನ್ಸರ್ ಕಡಿಮೆ ಆಯ್ತು ಅಂತ ಅಲ್ಲ. ವಿಷ ಹೊರಗೆ ಹೋಗಿದ್ದು ಅಳತೆಗೆ ಸಿಕ್ತು, ಅಷ್ಟು ಮಾತ್ರ. ಡಬ್ಬಿ ಮಾರೋರು ಈ ಎರಡರ ನಡುವಿನ ಅಂತರ ಒಂದೇ ಹೆಜ್ಜೇಲಿ ಹಾರಿಬಿಡ್ತಾರೆ.

ಮೇಷ್ಟ್ರೇ, ಬೇಯಿಸಿದ್ರೆ ಎಲ್ಲಾ ಹೋಯ್ತು ಅಂದಿದ್ದು ಪೂರ್ತಿ ಸರಿ ಇಲ್ಲ. ಸಾಯೋದು ಬ್ರೊಕೊಲಿಯೊಳಗಿನ ಮೈರೋಸಿನೇಸ್ ಅನ್ನೋ ಎನ್ಜೈಮ್, ಅಗಿದಾಗ ಮೂಲ ಪದಾರ್ಥನ ಸಲ್ಫೊರಾಫೇನ್ ಮಾಡೋದು ಅದೇ. ಮೂಲ ಪದಾರ್ಥ ಗ್ಲುಕೊರಾಫಾನಿನ್ ಅಲ್ಲೇ ಇರುತ್ತೆ, ಕುದಿಸಿದ ನೀರು ಚೆಲ್ಲಿದ್ರೆ ಮಾತ್ರ ಅದರಲ್ಲಿ ಒಂದಷ್ಟು ನೀರಿನ ಜೊತೆ ಹೋಗುತ್ತೆ. ಉಳಿದಿದ್ದನ್ನ ನಮ್ಮ ಕರುಳಿನ ಬ್ಯಾಕ್ಟೀರಿಯಾನೂ ಸ್ವಲ್ಪ ಸಲ್ಫೊರಾಫೇನ್ ಮಾಡ್ಕೊಡ್ತವೆ.

ಬಯೋಕೆಮ್_ಮೇಷ್ಟ್ರು
ಹೌದು, ಅವಸರದಲ್ಲಿ ತಪ್ಪು ಬರೆದೆ. ಎನ್ಜೈಮ್ ಸಾಯುತ್ತೆ, ಪದಾರ್ಥ ಅಲ್ಲ. ತಿದ್ದಿದ್ದಕ್ಕೆ ಥ್ಯಾಂಕ್ಸ್.

ಹುಬ್ಳಿ_ಮಂದಿ
ಬ್ರೊಕೊಲಿ ಎಲ್ಲಿಂದ ತರೂದ್ರಿ ನಾವು? ನಮ್ಮ ಕಡೆ ಊಟಕ್ಕ ಕುಂತ್ರ ರೊಟ್ಟಿ ಬಾಜೂಕ ಹಸಿ ಮೂಲಂಗಿ, ಉಳ್ಳಾಗಡ್ಡಿ, ಮೆಂತೆ ತೊಪ್ಪಲ ಇರಾಕ ಬೇಕು. ಮೂಲಂಗ್ಯಾಗ ಈ ಅಂಶ ಇಲ್ಲೇನ್ರಿ?

ಬಯೋಕೆಮ್_ಮೇಷ್ಟ್ರು
ಇದೆ ಸರ್, ಒಂದೇ ಕುಟುಂಬ. ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ, ಸಾಸಿವೆ ಎಲ್ಲಾ ಅಣ್ಣತಮ್ಮಂದಿರು. ಮೂಲಂಗಿಯಲ್ಲಿ ಸಿಗೋದು ಸಲ್ಫೊರಾಫೇನ್‌ಗೆ ತುಂಬಾ ಹತ್ತಿರದ ಇನ್ನೊಂದು. ಹಸಿ ಮೂಲಂಗಿ ಕಚ್ಚಿದ ಕೂಡಲೇ ಖಾರ ಇರಲ್ಲ, ಅಗಿದು ಎರಡು ಸೆಕೆಂಡ್ ಆದ್ಮೇಲೆ ಮೂಗಿಗೆ ಏರುತ್ತೆ ಅಲ್ವಾ? ಆ ಎರಡು ಸೆಕೆಂಡ್‌ನಲ್ಲೇ ಅದು ತಯಾರಾಗಿದ್ದು. ಇಡೀ ಮೂಲಂಗೀಲಿ ಎನ್ಜೈಮ್ ಒಂದು ಕೋಣೇಲಿ, ಪದಾರ್ಥ ಇನ್ನೊಂದು ಕೋಣೇಲಿ ಇರುತ್ತೆ, ಹಲ್ಲಿಗೆ ಸಿಕ್ಕಾಗ ಗೋಡೆ ಒಡೆದು ಎರಡೂ ಸೇರ್ತವೆ. ನುಗ್ಗೆ ಆ ಕುಟುಂಬ ಅಲ್ಲದಿದ್ರೂ ಅದರಲ್ಲೂ ಇದೇ ಥರದ್ದು ಇದೆ, ನುಗ್ಗೆ ಬೇರು ಜಜ್ಜಿ ಮೂಸಿ ನೋಡಿ, ಸಾಸಿವೆ ಥರದ ಘಾಟು ಬರುತ್ತೆ.

ಕುಡ್ಲದ_ಅಕ್ಕ
ಮಾರಾಯ್ರೆ, ಇದು ನಮ್ಮ ಸಾಸ್ಮೆಯ ಕಥೆಯೇ ಅಲ್ವಾ! ಒಗ್ಗರಣೆಗೆ ಹಾಕಿದ ಸಾಸಿವೆ ಚಟಪಟ ಸಿಡಿದ ಮೇಲೆ ತಿಂದ್ರೆ ಖಾರ ಉಂಟಾ? ಇಲ್ಲ, ಬರೀ ಪರಿಮಳ. ಅದೇ ಹಸಿ ಸಾಸಿವೆ ಕಾಯಿ ಜೊತೆ ನೀರು ಹಾಕಿ ಕಡೆದ್ರೆ ಮೂಗಿನಿಂದ ನೆತ್ತಿಗೆ ಹೋಗ್ತದೆ. ನನ್ನ ಅಜ್ಜಿ ಕಡೆಯುವ ಕಲ್ಲಲ್ಲಿ ಕಾಯಿ ನುಣ್ಣಗೆ ಆದ ಮೇಲೆ ಕೊನೆಗೆ ಸಾಸಿವೆ ಹಾಕಿ ನಾಲ್ಕೇ ಸುತ್ತು ತಿರುಗಿಸುವುದು, ಜಾಸ್ತಿ ತಿರುಗಿಸಿದ್ರೆ ಕಹಿ ಬರ್ತದೆ ಅಂತ ಬೈಯುವುದು. ಅನಾನಸು ಸಾಸ್ಮೆ, ಕಾಟು ಮಾವಿನಹಣ್ಣಿನ ಸಾಸ್ಮೆ, ಒಲೆಗೆ ಇಡುವುದೇ ಇಲ್ಲ. ಹಾಗಾದ್ರೆ ಎನ್ಜೈಮ್ ಸಾಯುವುದಿಲ್ಲ ಅಲ್ವಾ ಮೇಷ್ಟ್ರೇ?

ಬಯೋಕೆಮ್_ಮೇಷ್ಟ್ರು
ಅಕ್ಕ, ನನ್ನ ಒಂದು ಗಂಟೆ ಪಾಠ ನೀವು ಒಂದು ಪ್ಯಾರಾದಲ್ಲಿ ಹೇಳಿದ್ರಿ. ನೂರಕ್ಕೆ ನೂರು ಸರಿ.

ನ್ಯೂಜೆರ್ಸಿ_ಕನ್ನಡಿಗ
ಇದಕ್ಕೆ ಸೇರಿಸಿ ಇನ್ನೊಂದು. ಇಂಗ್ಲೆಂಡಿನ ರೆಡಿಂಗ್ ಯೂನಿವರ್ಸಿಟಿಯವರು 2018ರಲ್ಲಿ 12 ಜನರಿಗೆ 200 ಗ್ರಾಂ ಬೇಯಿಸಿದ ಬ್ರೊಕೊಲಿ ಕೊಟ್ರು, ಒಂದು ಸಲ ಬರೀ ಬ್ರೊಕೊಲಿ, ಇನ್ನೊಂದು ಸಲ ಮೇಲೆ 1 ಗ್ರಾಂ ಸಾಸಿವೆ ಪುಡಿ ಉದುರಿಸಿ. ಸಾಸಿವೆ ಇದ್ದಾಗ ದೇಹಕ್ಕೆ ಸಿಕ್ಕ ಸಲ್ಫೊರಾಫೇನ್ ನಾಲ್ಕು ಪಟ್ಟಿಗಿಂತ ಜಾಸ್ತಿ. ಬ್ರೊಕೊಲಿ ಕಳೆದುಕೊಂಡ ಎನ್ಜೈಮ್‌ನ ಸಾಸಿವೆ ತಂದುಕೊಡ್ತು. ನಾನು ಈಗ ಎಲೆಕೋಸಿನ ಪಲ್ಯ ಇಳಿಸಿದ ಮೇಲೂ ಅರ್ಧ ಚಮಚ ಹಸಿ ಸಾಸಿವೆ ಪುಡಿ ಹಾಕ್ತೀನಿ, ಮಗಳಿಗೂ ರೂಢಿ ಆಗಿದೆ.

ತೋಟದ_ಮನೆ
ಚಿಕ್ಕಬಳ್ಳಾಪುರ ಕಡೆ ನಾನು ಮೂರು ವರ್ಷ ಬ್ರೊಕೊಲಿ ಹಾಕಿದ್ದೆ. ಚಳಿಗಾಲದಲ್ಲಿ ಚೆನ್ನಾಗಿ ಬರುತ್ತೆ, ಬಿಸಿಲು ಏರಿದ ಕೂಡಲೇ ತಲೆ ಬಿಚ್ಕೊಂಡು ಹಳದಿ ಹೂ ಆಗೋಗುತ್ತೆ, ಆಮೇಲೆ ಕೇಳೋರಿಲ್ಲ. ಕೊಯ್ದ ಮೇಲೆ ತಂಪಲ್ಲಿ ಇಡ್ಲಿಲ್ಲ ಅಂದ್ರೆ ಎರಡೇ ದಿನ. ಡಬ್ಬಿ ಒಳಗಿನ ಪುಡಿ ಯಾವಾಗ ಕೊಯ್ದಿದ್ದೋ, ಯಾವ ಬಿಸಿಗೆ ಒಣಗಿಸಿದ್ದೋ ಯಾರು ಹೇಳ್ತಾರೆ? ಅದರ ಬದಲು ನವಿಲುಕೋಸು ತಗೊಳ್ಳಿ, ನಮ್ಮ ರೈತರಿಗೂ ನಾಲ್ಕು ಕಾಸು ಸಿಗುತ್ತೆ.

ಬೆಳ್ಳುಳ್ಳಿ_ಪ್ರಿಯೆ
ಮನೇಲೇ ಮೊಳಕೆ ಬರ್ಸಿ ತಿನ್ನೋದು ಒಳ್ಳೇದಲ್ವಾ? ಬಲಿತ ಬ್ರೊಕೊಲಿಗಿಂತ ಮೊಳಕೇಲಿ ಜಾಸ್ತಿ ಇರುತ್ತೆ ಅಂತ ಕೇಳಿದೀನಿ.

ಬಯೋಕೆಮ್_ಮೇಷ್ಟ್ರು
ಜಾಸ್ತಿ ಇರೋದು ಹೌದು. 1997ರಲ್ಲಿ ತಲಾಲೆ ತಂಡದವರೇ ತೋರಿಸಿದ್ದು, ಮೂರು ದಿನದ ಮೊಳಕೆಯಲ್ಲಿ ಬಲಿತ ಬ್ರೊಕೊಲಿಗಿಂತ 10ರಿಂದ 100 ಪಟ್ಟು. ಆದ್ರೆ ಹಸಿ ಮೊಳಕೆ ಬಗ್ಗೆ ಹುಷಾರು, ಬೆಚ್ಚಗೆ ಒದ್ದೆಯಾಗಿ ಇಡೋದ್ರಿಂದ ಬೀಜದ ಮೇಲಿನ ಬ್ಯಾಕ್ಟೀರಿಯಾನೂ ಮೊಳಕೆ ಜೊತೆಗೇ ಬೆಳೆಯುತ್ತೆ. 2011ರಲ್ಲಿ ಜರ್ಮನಿಯಲ್ಲಿ ಇ-ಕೋಲೈ ಬಂದು 50ಕ್ಕೂ ಹೆಚ್ಚು ಜನ ಸತ್ರು, ಅದು ಮೆಂತ್ಯದ ಮೊಳಕೆಯಿಂದ. ವಯಸ್ಸಾದವರಿಗೆ, ಬಸುರಿಯರಿಗೆ ಹಸಿ ಮೊಳಕೆ ಕೊಡಬೇಡಿ. ಹೆಸರುಕಾಳು ಮೊಳಕೆನೂ ಅವರಿಗೆ ಬೇಯಿಸಿಯೇ ಕೊಡಿ.

ಹುಬ್ಳಿ_ಮಂದಿ
ಅರಿಶಿಣದ ಮಾತ ಯಾರೂ ಎತ್ತವಲ್ರಿ. ಅದಕ್ಕ ಮೆಣಸು ಸೇರಿಸಿದ್ರ ಎನ್ಜೈಮ್ ಇನ್ನೂ ಜೋರ್ ಆಗ್ತಾವಂತ ನಮ್ಮ ಯೋಗ ಕ್ಲಾಸ್‌ನ್ಯಾಗ ಹೇಳಿದ್ರು.

ಫಾರ್ಮಸಿ_ನಾಗು
ಇಲ್ಲೇ ಎಲ್ರೂ ತಪ್ಪೋದು, ಮೆಣಸು ಮಾಡೋದು ಅದರ ಉಲ್ಟಾ ಕೆಲಸ.

ಅರಿಶಿನದ ಕರ್ಕುಮಿನ್ ಒಳಗೆ ಹೋದ ತಕ್ಷಣ ಕರುಳು ಮತ್ತೆ ಲಿವರ್ ಅದಕ್ಕೆ ಬಾಲ ಅಂಟಿಸಿ ಹೊರಗೆ ಕಳಿಸಿಬಿಡ್ತವೆ (ಮೇಷ್ಟ್ರು ಹೇಳಿದ ಎರಡನೇ ಹಂತ), ರಕ್ತಕ್ಕೆ ಸೇರೋದು ಇಲ್ಲ ಅನ್ನೋಷ್ಟು ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಲ್ಲಿ 1998ರಲ್ಲಿ ಒಂದು ಅಧ್ಯಯನ ಆಯ್ತು, ಅರಿಶಿನ–ಮೆಣಸು ಕ್ಯಾಪ್ಸುಲ್ ಮಾರೋರು ಎಷ್ಟೋ ಜನ ಅದರ ಹೆಸರು ಹೇಳಿಕೊಂಡೇ ಮಾರೋದು. 2 ಗ್ರಾಂ ಕರ್ಕುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದ್ರೆ ಮೆಣಸಿನ ಸಾರ, ಕೊಟ್ಟಾಗ ರಕ್ತಕ್ಕೆ ಸೇರಿದ್ದು 2000% ಜಾಸ್ತಿ ಆಯ್ತು. ಯಾಕೆ ಜಾಸ್ತಿ ಆಯ್ತು? ಆ ಬಾಲ ಅಂಟಿಸೋ ಎನ್ಜೈಮ್‌ನ ಪೈಪರಿನ್ ಕಟ್ಟಿಹಾಕುತ್ತೆ, ಅದಕ್ಕೆ. ಮೊದಲನೇ ಹಂತದ ಕೆಲವು ಎನ್ಜೈಮ್‌ಗಳನ್ನೂ ಕಟ್ಟಿಹಾಕುತ್ತೆ. ಎನ್ಜೈಮ್ ಬೂಸ್ಟರ್ ಅಂತ ಬರೆದಿರೋ ಡಬ್ಬಿಯೊಳಗೆ ಎನ್ಜೈಮ್ ನಿಲ್ಲಿಸೋ ಪದಾರ್ಥ ಇದೆ. ಮತ್ತೆ ಅದು ಅರಿಶಿನ ಯಾವುದು, ಬೇರೆ ಮಾತ್ರೆ ಯಾವುದು ಅಂತ ನೋಡಲ್ಲ.

ಸುಮ ಮೇಡಂ, "ಇನ್ನೊಂದೆರಡು ಮಾತ್ರೆ" ಅಂದ್ರಲ್ಲ, ಯಾವ್ಯಾವುದು? ದಯವಿಟ್ಟು ಹೆಸರು ಹೇಳಿ.

ಆಯುರ್_ಹಾದಿ
ಒಂದು ಮಾತು. ನಮ್ಮ ಹಿರಿಯರು ಶುಂಠಿ, ಮೆಣಸು, ಹಿಪ್ಪಲಿ ಸೇರಿಸಿ ತ್ರಿಕಟು ಅಂತ ಸಾವಿರಾರು ವರ್ಷದಿಂದ ಬಳಸಿದಾರೆ, ಬೇರೆ ಔಷಧಿ ಚೆನ್ನಾಗಿ ಹತ್ತಲಿ ಅಂತಾನೇ. ಇವತ್ತು ಅದನ್ನ ಅಪಾಯ ಅನ್ನೋದು ನನಗೆ ಬೇಸರ ತರುತ್ತೆ.

ಫಾರ್ಮಸಿ_ನಾಗು
ಬೇಸರ ಬೇಡ ಸರ್, ನೀವು ಹೇಳಿದ್ದೇ ನಾನೂ ಹೇಳ್ತಿರೋದು. "ಬೇರೆ ಔಷಧಿ ಹತ್ತಲಿ" ಅಂತ ಅವರಿಗೆ ಗೊತ್ತಿತ್ತು, ಅದಕ್ಕೇ ವೈದ್ಯರು ಅಳೆದು ಕೊಡ್ತಿದ್ರು. ಟಿಬಿಯ ರಿಫಾಂಪಿಸಿನ್ ಮಾತ್ರೆಗೆ ಪೈಪರಿನ್ ಸೇರಿಸಿ, ರಿಫಾಂಪಿಸಿನ್ ಡೋಸ್ ಅರ್ಧಕ್ಕಿಂತ ಕಡಿಮೆ ಮಾಡಿ ನಮ್ಮ ದೇಶದಲ್ಲೇ ಮಾರುಕಟ್ಟೆಗೂ ತಂದಿದಾರೆ. ಸಾರಿಗೆ ಹಾಕೋ ನಾಲ್ಕು ಕಾಳು ಮೆಣಸಲ್ಲಿ ಇರೋ ಪೈಪರಿನ್ ಮೆಲ್ಲಗೆ ಊಟದ ಜೊತೆ ಹೋಗುತ್ತೆ. ಕ್ಯಾಪ್ಸುಲ್‌ನಲ್ಲಿ ಬೇರ್ಪಡಿಸಿದ ಸಾರ, ದಿನಾ, ಮಾತ್ರೆ ನುಂಗಿದ ಹೊತ್ತಿಗೇ. ಸುಮ ಮೇಡಂ ಅವರ ಅಪ್ಪನ ಪ್ರಶ್ನೆಗೆ ಇದೇ ಉತ್ತರ.

ಸಾಗರದ_ಸುಮ
ನಾಗು ಸರ್, ಈಗಷ್ಟೇ ಅಮ್ಮನಿಗೆ ಫೋನ್ ಮಾಡಿ ಡಬ್ಬಿ ನೋಡಿಸಿದೆ. ಬಿಪಿಗೆ ಆಮ್ಲೋಡಿಪಿನ್ 5. ನಾಲ್ಕು ವರ್ಷದ ಹಿಂದೆ ಸ್ಟ್ರೋಕ್ ಆದಮೇಲೆ ಎರಡು ಸಲ ಫಿಟ್ಸ್ ಬಂದಿತ್ತು, ಅದಕ್ಕೆ ಫೆನಿಟಾಯಿನ್ 300. ಆಮೇಲೆ ಕೊಲೆಸ್ಟ್ರಾಲ್ ಮಾತ್ರೆ. ಇದಕ್ಕೆ ಸಂಬಂಧ ಇದ್ಯೋ ಇಲ್ವೋ, ಅಮ್ಮ ಇನ್ನೊಂದು ಹೇಳಿದ್ರು, ಎರಡು ಮೂರು ವಾರದಿಂದ ನಡೆಯುವಾಗ ಒಂದು ಕಡೆಗೆ ವಾಲ್ತಾರಂತೆ, ಬಚ್ಚಲಿಗೆ ಹೋಗುವಾಗ ಬಾಗಿಲ ಚೌಕಟ್ಟು ಹಿಡ್ಕೊಂಡು ನಿಂತು ಆಮೇಲೆ ಕಾಲು ಇಡ್ತಾರಂತೆ. ವಯಸ್ಸಾಯ್ತು ಅಂತ ಸುಮ್ನಿದ್ರು.

ಫಾರ್ಮಸಿ_ನಾಗು
ಮೇಡಂ, ಇವತ್ತೇ ಅವರ ನ್ಯೂರಾಲಜಿ ಡಾಕ್ಟರಿಗೆ ಫೋನ್ ಮಾಡಿ. ಎರಡೂ ಡಬ್ಬಿ ಇವತ್ತಿಂದಲೇ ನಿಲ್ಲಿಸಿ. ಫೆನಿಟಾಯಿನ್ ಮಾತ್ರ ನೀವಾಗಿ ನಿಲ್ಲಿಸಬೇಡಿ, ಕಡಿಮೆನೂ ಮಾಡಬೇಡಿ, ಮತ್ತೆ ಫಿಟ್ಸ್ ಬರಬಹುದು. ರಕ್ತದಲ್ಲಿ ಫೆನಿಟಾಯಿನ್ ಲೆವೆಲ್ ಚೆಕ್ ಮಾಡಿಸ್ಬೇಕು ಅಂತ ನೀವೇ ಕೇಳಿ. ಪೈಪರಿನ್ ಕೊಟ್ಟಾಗ ಫೆನಿಟಾಯಿನ್ ಲೆವೆಲ್ ಏರೋದು ಮನುಷ್ಯರಲ್ಲೇ ನೋಡಿರೋ ವಿಷಯ. ಈ ಮಾತ್ರೆ ಬೇರೆ ಮಾತ್ರೆ ಥರ ಅಲ್ಲ, ಲಿವರ್ ಎನ್ಜೈಮ್ ಒಂದು ಮಿತಿ ಮುಟ್ಟಿದ ಮೇಲೆ ಸ್ವಲ್ಪ ಅಡ್ಡಿ ಆದ್ರೂ ಲೆವೆಲ್ ಒಮ್ಮೆಲೇ ಮೇಲೆ ಹೋಗುತ್ತೆ. ವಾಲೋದು, ಕಣ್ಣು ಅದುರೋದು, ಮಾತು ತೊದಲೋದು ಅದರ ಗುರುತು. ಸ್ಟ್ರೋಕ್ ಆಗಿದ್ದವರು ಬೇರೆ, ಹಾಗಾಗಿ ನಾಳೆ ನೋಡೋಣ ಅನ್ನಬೇಡಿ.

ಬಯೋಕೆಮ್_ಮೇಷ್ಟ್ರು
ನಾಗು ಹೇಳಿದ್ದನ್ನ ಹಾಗೇ ಮಾಡಿ ಸುಮ. ನಾನು ಬ್ರೊಕೊಲಿ ಕಥೆ ಹೇಳ್ತಾ ಕೂತು ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಕೇಳಲೇ ಇಲ್ಲ.

ತುಮಕೂರು_ರವಿ
ಮೇಡಂ ಏನಾಯ್ತು ಅಂತ ತಿಳಿಸಿ ದಯವಿಟ್ಟು. ನನ್ನ ಚಿಕ್ಕಪ್ಪ ಕೊರೊನಾ ಟೈಮಿಂದ ಎರಡು ವರ್ಷ ದಿನಾ ಅಮೃತಬಳ್ಳಿ ಕಷಾಯ ಕುಡಿದು ಕಾಮಾಲೆ ಆಗಿ ಹದಿನೈದು ದಿನ ಆಸ್ಪತ್ರೆಯಲ್ಲಿದ್ರು. ಆ ಸಿಟ್ಟಿಗೇ ನಾನು ಎಲ್ಲಾ ಮೋಸ ಅಂದಿದ್ದು.

ಆಯುರ್_ಹಾದಿ
ರವಿ, ಅಮೃತಬಳ್ಳಿ ನಾವು ಯಾರಿಗೂ ಎರಡು ವರ್ಷ ದಿನಾ ಕುಡಿಯಿರಿ ಅನ್ನಲ್ಲ. ಬೇರೆ ಜಾತಿ ಬಳ್ಳಿ ಕಿತ್ಕೊಂಡು ಬಂದು ಕುಡಿಯೋರೂ ಇದಾರೆ.

ತುಮಕೂರು_ರವಿ
ಮುಂಬೈ ಡಾಕ್ಟರ್‌ಗಳು 2021ರಲ್ಲಿ ಅಂಥದೇ ಕೇಸ್‌ಗಳನ್ನ ಬರೆದಿದಾರೆ ಸರ್, ನಮ್ಮ ಚಿಕ್ಕಪ್ಪ ಒಬ್ರೇ ಅಲ್ಲ. ಬಳ್ಳಿ ಸರೀನೋ ತಪ್ಪೋ ಅಂತ ಮನೇಲಿ ಯಾರು ನೋಡ್ತಾರೆ ಹೇಳಿ.

ಬೆಳ್ಳುಳ್ಳಿ_ಪ್ರಿಯೆ
ಚಕ್ಕೋತ ಹಣ್ಣಿನ ಬಗ್ಗೆನೂ ಇದೇ ಥರ ಕೇಳಿದ ನೆನಪು? ನಮ್ಮ ಅತ್ತೆ ಮನೆ ದೇವನಹಳ್ಳಿ ಹತ್ರ, ಹಿತ್ತಲಲ್ಲೇ ಮರ ಇದೆ, ಮಾವ ಕೊಲೆಸ್ಟ್ರಾಲ್ ಮಾತ್ರೆ ತಗೋತಾರೆ.

ಫಾರ್ಮಸಿ_ನಾಗು
ಹೌದು. ವಿದೇಶದಲ್ಲಿ ಗ್ರೇಪ್‌ಫ್ರೂಟ್ ಅಂತಾರಲ್ಲ, ಅದು ಚಕ್ಕೋತ ಮತ್ತೆ ಕಿತ್ತಳೆ ಜಾತಿ ಕೂಡಿ ಹುಟ್ಟಿದ್ದು. ಅದು ಕರುಳಲ್ಲಿ ಔಷಧಿ ಒಡೆಯೋ ಒಂದು ಎನ್ಜೈಮ್‌ನ ಕೆಡಿಸುತ್ತೆ, ಹೊಸ ಎನ್ಜೈಮ್ ಆಗೋ ತನಕ ಒಂದೆರಡು ದಿನ ಪರಿಣಾಮ ಇರುತ್ತೆ. ಚಕ್ಕೋತದಲ್ಲೂ ಅದೇ ಜಾತಿಯ ಪದಾರ್ಥ ಇದೆ. ಕೊಲೆಸ್ಟ್ರಾಲ್ ಮಾತ್ರೆಗಳಲ್ಲಿ ಸಿಂವಾಸ್ಟಾಟಿನ್, ಅಟೊರ್ವಾಸ್ಟಾಟಿನ್ ಆ ಎನ್ಜೈಮ್ ಮೇಲೆ ನಿಂತಿವೆ, ರೋಸುವಾಸ್ಟಾಟಿನ್ ಅಷ್ಟಾಗಿ ಇಲ್ಲ. ಮಾತ್ರೆ ಹೆಸರು ನೋಡಿ ಡಾಕ್ಟರಿಗೆ ಕೇಳ್ಕೊಂಡು ಕೊಡಿ.

ಹುಬ್ಳಿ_ಮಂದಿ
ಥೈರಾಯ್ಡ್ ಇದ್ದವರು ಕೋಸು ತಿನ್ನಬಾರ್ದಂತ ಹೇಳ್ತಾರಲ್ರಿ, ನಮ್ಮ ಮನಿಯಾಕಿ ಐದ ವರ್ಷ ಆತು ಹೂಕೋಸು ಮುಟ್ಟಿಲ್ಲ.

ಬಯೋಕೆಮ್_ಮೇಷ್ಟ್ರು
ಹಸಿಯಾಗಿ ರಾಶಿಗಟ್ಟಲೆ ತಿಂದ್ರೆ, ಜೊತೆಗೆ ಅಯೋಡಿನ್ ಕೊರತೆನೂ ಇದ್ರೆ ತೊಂದರೆ. ಅಯೋಡಿನ್ ಉಪ್ಪು ಬಳಸೋ ಮನೇಲಿ ಬೇಯಿಸಿದ ಪಲ್ಯಕ್ಕೆ ಹೆದರೋ ಕಾರಣ ಇಲ್ಲ. ಐದು ವರ್ಷ ಆಯ್ತು ಅಂದ್ರಿ, ಒಂದು ಸಲ ಡಾಕ್ಟರಿಗೆ ಕೇಳಿ ಶುರು ಮಾಡ್ಲಿ ಪಾಪ.

ಸಾಗರದ_ಸುಮ
ನಾಲ್ಕು ದಿನ ಆಯ್ತು, ಬರೆಯೋಕೆ ಆಗಿರ್ಲಿಲ್ಲ, ಕ್ಷಮಿಸಿ. ಅವತ್ತೇ ಸಂಜೆ ಶಿವಮೊಗ್ಗಕ್ಕೆ ಕರ್ಕೊಂಡು ಹೋದ್ವಿ. ಡಾಕ್ಟರ್ ಬೆರಳು ಆಕಡೆ ಈಕಡೆ ಆಡಿಸಿದಾಗ ಅಪ್ಪನ ಕಣ್ಣು ಅದುರ್ತಿತ್ತು, ನಾನೇ ನೋಡಿದೆ. ಸ್ಕ್ಯಾನ್‌ನಲ್ಲಿ ಹೊಸ ಸ್ಟ್ರೋಕ್ ಇಲ್ಲ. ಫೆನಿಟಾಯಿನ್ ಲೆವೆಲ್ 27 ಬಂತು, 10ರಿಂದ 20ರ ಒಳಗೆ ಇರಬೇಕಂತೆ. ಕ್ಯಾಪ್ಸುಲ್ ಒಂದೇ ಕಾರಣ ಅಂತ ಖಂಡಿತ ಹೇಳೋಕಾಗಲ್ಲ, ಆದ್ರೆ ಹೊಸದಾಗಿ ಸೇರಿದ್ದು ಅದೊಂದೇ ಅಂತ ಡಾಕ್ಟರ್ ಡಬ್ಬಿ ಫೋಟೋ ತೆಗೆದು ಫೈಲಿಗೆ ಹಾಕಿದ್ರು. ಎರಡು ದಿನ ಮಾತ್ರೆ ತಡೆದು ಅಲ್ಲೇ ಇಟ್ಕೊಂಡು ನೋಡಿ ಮತ್ತೆ ಶುರು ಮಾಡಿಸಿದಾರೆ, ಮುಂದಿನ ವಾರ ಇನ್ನೊಂದು ಸಲ ರಕ್ತ ಪರೀಕ್ಷೆ.

ನಾಗು ಸರ್, ನಿಮ್ಮ ಋಣ ದೊಡ್ಡದು. ನೀವು ಆ ಮಾತ್ರೆ ಹೆಸರು ಕೇಳದೇ ಇದ್ದಿದ್ರೆ ನಾನು ಬ್ರೊಕೊಲಿ ಒಳ್ಳೇದಂತೆ ಅಂತ ಓದ್ಕೊಂಡು ಸುಮ್ಮನಾಗ್ತಿದ್ದೆ. ಕೊಟ್ಟ ನೆಂಟರಿಗೂ ಫೋನ್ ಮಾಡಿ ಹೇಳಿದೀನಿ, ಅವರೂ ಬಿಪಿ ಶುಗರ್ ಮಾತ್ರೆ ಜೊತೆ ಅದನ್ನೇ ತಗೋತಿದ್ರು, ಹೆದರಿಕೊಂಡಿದಾರೆ.

ಫಾರ್ಮಸಿ_ನಾಗು
ಅಪ್ಪ ಹುಷಾರಾದ್ರಲ್ಲ, ಸಾಕು ಮೇಡಂ. ನೆಂಟರು ಅವರ ಡಾಕ್ಟರಿಗೆ ಡಬ್ಬಿ ತಗೊಂಡು ಹೋಗಿ ತೋರಿಸ್ಲಿ, ಹೆಸರು ಬಾಯಲ್ಲಿ ಹೇಳಿದ್ರೆ ಆಗಲ್ಲ, ಹಿಂದಿನ ಸಣ್ಣ ಅಕ್ಷರ ಓದಬೇಕು. ಪೈಪರಿನ್ ಅನ್ನೋದು ಅಲ್ಲೇ ಬರೆದಿರುತ್ತೆ.

ಕುಡ್ಲದ_ಅಕ್ಕ
ದೇವರು ದೊಡ್ಡವ. ಸುಮ, ಅಪ್ಪನಿಗೆ ಊಟಕ್ಕೆ ಏನು ಕೊಡ್ತಿದ್ದೀರಿ?

ಸಾಗರದ_ಸುಮ
ಮಾಮೂಲಿ ಅನ್ನ ಸಾರು ಅಕ್ಕ. ಸಾರಿಗೆ ಮೆಣಸು ಹಾಕಬಹುದಾ ಅಂತ ಅಮ್ಮ ಕೇಳಿದ್ದಕ್ಕೆ ಡಾಕ್ಟರ್ ಯಾವಾಗ್ಲೂ ಹಾಕೋಷ್ಟು ಹಾಕಿ ಅಂದ್ರು. ನಿಮ್ಮ ಸಾಸ್ಮೆ ಓದಿ ಹೇಳಿದೆ, ಅಪ್ಪ ನಮ್ಮಜ್ಜಿ ಮಾಡ್ತಿದ್ದ ಸೌತೆಕಾಯಿ ಸಾಸ್ವೆ ನೆನಪು ಮಾಡ್ಕೊಂಡ್ರು, ಅಮ್ಮನಿಗೆ ಅದರ ಅಳತೆ ಮರೆತಿದೆ. ಒಂದು ಬಟ್ಟಲು ಕಾಯಿತುರಿಗೆ ಸಾಸಿವೆ ಎಷ್ಟು?

ಕುಡ್ಲದ_ಅಕ್ಕ
ಅರ್ಧ ಚಮಚ ಸಾಕು, ಒಂದು ಹಾಕಿದ್ರೆ ನೆತ್ತಿಗೆ ಹತ್ತಿ ಕೆಮ್ಮುತ್ತಾರೆ. ಕಾಯಿ ನುಣ್ಣಗಾದ ಮೇಲೆ ಕೊನೆಗೆ ಹಾಕಿ, ನಾಲ್ಕೇ ಸುತ್ತು. ಮೊಸರು ಹುಳಿ ಇರಬಾರದು.